ಸ್ಪ್ಯಾಮ್‌ನಲ್ಲಿ ಸಿಕ್ಕ ಕರಡಚ್ಚು: ಒಂದು ಪತ್ರಿಕೆಯ ಇಮೇಲ್ ಪ್ರಕರಣ

ಸಂಚಿಕೆ ಅಚ್ಚಿಗೆ ಹೋದ ಮೂರನೆಯ ದಿನ ಲೇಖಕರೊಬ್ಬರು ಫೋನ್ ಮಾಡಿದರು. ಬೈದಿದ್ದರೆ ಸಲೀಸಾಗಿರುತ್ತಿತ್ತು. ಅವರು ಮೆಲ್ಲಗೆ, "ನನ್ನ ತಿದ್ದುಪಡಿಗಳನ್ನು ಬೇಡವೆಂದೇ ಬಿಟ್ಟಿರೋ?" ಎಂದು ಕೇಳಿದರು. ತಿದ್ದುಪಡಿ ಬಂದೇ ಇಲ್ಲವಲ್ಲ ಎಂದೆ. ಕಳುಹಿಸಿ ಹನ್ನೊಂದು ದಿನವಾಯಿತು ಎಂದರು. ಫೋನ್ ಕಿವಿಯಲ್ಲಿಟ್ಟುಕೊಂಡೇ ಸ್ಪ್ಯಾಮ್ ಫೋಲ್ಡರ್ ತೆರೆದೆ. ಕೇಳದೆ ಸಾಲ ಕೊಡುವವರ, ವಾರದಲ್ಲಿ ತೂಕ ಇಳಿಸುವವರ ನಡುವೆ ಅವರ ಪತ್ರ ತಣ್ಣಗೆ ಕುಳಿತಿತ್ತು, ಕರಡಚ್ಚಿನ ಮೇಲಿನ ಕೆಂಪು ಗುರುತುಗಳ ಸಮೇತ.

ಅವರ ಪ್ರಬಂಧದಲ್ಲಿ ಒಂದು ಇಸವಿ ತಪ್ಪಿತ್ತು, ಒಂದು ಉಲ್ಲೇಖ ಬೇರೊಬ್ಬರ ಹೆಸರಿಗೆ ಹೋಗಿತ್ತು. ಎರಡೂ ಹಾಗೆಯೇ ಅಚ್ಚಾಗಿದ್ದವು.

ನಮ್ಮದು ಮೂವರು ನಡೆಸುವ ತ್ರೈಮಾಸಿಕ. ಸಂಪಾದಕರು, ಸಹಸಂಪಾದಕಿ, ಪುಟ ಕಟ್ಟುವ ನಾನು. ಪುಟ ಕಟ್ಟಲು ಕಂಪ್ಯೂಟರ್ ಬೇಕು. ಆದ್ದರಿಂದ ಕಂಪ್ಯೂಟರಿಗೆ ಸಂಬಂಧಿಸಿದ ಎಲ್ಲ ಪಾಪಗಳೂ ನನ್ನವೇ ಎಂಬುದು ನಮ್ಮಲ್ಲಿ ಮಾತಿಲ್ಲದೆ ಆದ ಒಪ್ಪಂದ. ಪತ್ರಿಕೆಗೆ ಸ್ವಂತ ಡೊಮೇನ್ (ಇಮೇಲ್ ವಿಳಾಸದಲ್ಲಿ @ ಗುರುತಿನ ನಂತರದ ಹೆಸರು) ಇದೆ, ಅದರ ಇಮೇಲ್ ಬಾಡಿಗೆ ಸರ್ವರಿನಲ್ಲಿದೆ. ಅಲ್ಲಿ ಬರುವ ಪತ್ರಗಳಿಗೆ ಅನುಮಾನ ಹೆಚ್ಚಿದಷ್ಟೂ ಹೆಚ್ಚು ಅಂಕ ಕೊಡುವುದು ಸ್ಪ್ಯಾಮ್‌ಅಸಾಸಿನ್ ಎಂಬ ಪ್ರೋಗ್ರಾಂ, ಅವನ್ನು ಫೋಲ್ಡರುಗಳಿಗೆ ಹಂಚುವುದು ಸೀವ್ ಎಂಬ ಪುಟ್ಟ ಭಾಷೆಯಲ್ಲಿ ಬರೆದ ನಿಯಮಗಳು. ಇದಲ್ಲದೆ ಹಳೆಯ ವಿಳಾಸವೊಂದಿದೆ. ವರ್ಷಗಟ್ಟಲೆ ಹಿಂಬದಿಯ ಹೊದಿಕೆಯ ಮೇಲೆ ಅಚ್ಚಾದದ್ದು, ಬೇರೆ ಸೇವೆಯಲ್ಲಿರುವಂಥದ್ದು. ಅಲ್ಲಿಗೆ ಬಂದ ಪತ್ರಗಳು ತಾವಾಗಿ ಹೊಸ ವಿಳಾಸಕ್ಕೆ ಮುಂದೂಡಲ್ಪಡುವಂತೆ ಮಾಡಿ, ನಾವು ಅದನ್ನು ಮರೆತಿದ್ದೆವು. ಪ್ರಕರಣದ ಅರ್ಧ ಗುಟ್ಟು ಈ ಮರೆತ ವಿಳಾಸದಲ್ಲಿದೆ, ಆದರೆ ಅಂದು ನನಗೆ ಅದು ಗೊತ್ತಿರಲಿಲ್ಲ.

ಸ್ಪ್ಯಾಮ್ ಫೋಲ್ಡರನ್ನು ಕೆಳಗಿನ ತನಕ ಜಾಲಾಡಿದಾಗ ಇನ್ನೂ ಎರಡು ಸಾಚಾ ಪತ್ರಗಳು ಸಿಕ್ಕವು. ಒಂದು ಮುದ್ರಣಾಲಯದವರು ಹಂಚಿದ ಕಡತದ ಕೊಂಡಿ. ಇನ್ನೊಂದು ಹೊಸಬರೊಬ್ಬರ ಕಥೆ. ತಿಂಗಳಿಗಿಂತ ಹಳೆಯದೇನೂ ಇರಲಿಲ್ಲ. ಜಿಮೇಲ್‌ನಲ್ಲಿ ಸ್ಪ್ಯಾಮ್ 30 ದಿನಗಳ ನಂತರ ಅಳಿದುಹೋಗುವಂತೆ ನಮ್ಮಲ್ಲಿಯೂ ಅಳಿಯುತ್ತದೆ. ಅದಕ್ಕೂ ಹಿಂದೆ ಯಾರ ಯಾರ ಕಥೆ, ಕವನ ಹೀಗೆ ಹೋಯಿತೋ ಲೆಕ್ಕವಿಲ್ಲ.

ಮೊದಲ ಮದ್ದು

ಆ ಸಂಜೆ ನಾನು ಮಾಡಿದ್ದು, ಸಿಟ್ಟಿನಲ್ಲಿರುವ ಯಾರಾದರೂ ಮಾಡುವಂಥದ್ದೇ: ಬಾಗಿಲು ಪೂರ್ತಿ ತೆರೆದೆ.

ನನ್ನ ಕಂಪ್ಯೂಟರಿನ ಮೇಲ್ ಪ್ರೋಗ್ರಾಂನಲ್ಲಿ ನಾಲ್ಕು ಫಿಲ್ಟರ್ ಬರೆದೆ. ಕಳುಹಿಸಿದವರ ವಿಳಾಸದಲ್ಲಿ ಆ ಲೇಖಕರ ಕಾಲೇಜಿನ ಡೊಮೇನ್ ಇದ್ದರೆ ಇನ್‌ಬಾಕ್ಸ್‌ಗೆ. ನಮ್ಮ ಬಹುತೇಕ ಲೇಖಕರು ಬಳಸುವ ಉಚಿತ ಇಮೇಲ್ ಸೇವೆಯ ಡೊಮೇನ್ ಇದ್ದರೆ ಇನ್‌ಬಾಕ್ಸ್‌ಗೆ, ಮುಂದೆ ಯಾರಿಗೂ ಹೀಗಾಗಬಾರದಲ್ಲ! ಮುದ್ರಣಾಲಯದ ಹೆಸರು ಎಲ್ಲಾದರೂ ಕಂಡರೆ ಇನ್‌ಬಾಕ್ಸ್‌ಗೆ. ಕೊನೆಗೆ ನಮ್ಮದೇ ಡೊಮೇನ್. ನಮ್ಮವರ ಪತ್ರ ನಮಗೇ ಸ್ಪ್ಯಾಮ್ ಆಗುವುದುಂಟೇ?

ಎರಡು ದಿನಗಳ ನಂತರ ಸಹಸಂಪಾದಕಿ ತಮ್ಮ ಮೊಬೈಲ್ ತೋರಿಸಿದರು. ಮುದ್ರಣಾಲಯದ ಇನ್ನೊಂದು ಪತ್ರ ಮತ್ತೆ ಸ್ಪ್ಯಾಮ್‌ನಲ್ಲಿ. ಕಾರಣ ಸರಳ, ನಾಚಿಕೆಗೇಡಿನದು. ಕಂಪ್ಯೂಟರಿನ ಪ್ರೋಗ್ರಾಂನಲ್ಲಿ ಬರೆದ ಫಿಲ್ಟರ್ ಆ ಕಂಪ್ಯೂಟರ್ ಚಾಲೂ ಇದ್ದಾಗ ಮಾತ್ರ ಓಡುತ್ತದೆ. ಅದೂ ಸಾಮಾನ್ಯವಾಗಿ ಇನ್‌ಬಾಕ್ಸ್‌ಗೆ ಬಂದ ಪತ್ರಗಳ ಮೇಲೆ. ಸರ್ವರು ಆಗಲೇ ಸ್ಪ್ಯಾಮ್ ಫೋಲ್ಡರಿಗೆ ಹಾಕಿದ ಪತ್ರವನ್ನು ಅದು ನೋಡುವುದೇ ಇಲ್ಲ. ಮನೆಯೊಳಗೆ ಕುಳಿತು ಬೀದಿ ಬಾಗಿಲ ಕಾವಲುಗಾರನಿಗೆ ಸನ್ನೆ ಮಾಡಿದಂತಾಗಿತ್ತು ನನ್ನ ಕೆಲಸ.

ಸರಿ, ನಿಯಮಗಳನ್ನು ಸರ್ವರಿಗೆ ಸಾಗಿಸಿದೆ. ಸೀವ್‌ನಲ್ಲಿ ಬರೆದೆ, ಆದರೂ ಕೆಲಸ ಮಾಡಲಿಲ್ಲ. ಸೀವ್ ನಿಯಮಗಳನ್ನು ಮೇಲಿನಿಂದ ಕೆಳಕ್ಕೆ ಓದುತ್ತದೆ. ಅಂಕ ಮಿತಿಮೀರಿದ ಪತ್ರವನ್ನು ಸ್ಪ್ಯಾಮ್‌ಗೆ ಹಾಕಿ ಅಲ್ಲಿಗೇ ನಿಲ್ಲು ಎನ್ನುವ ನಿಯಮ ಮೇಲಿತ್ತು, ನನ್ನವು ಅದರ ಕೆಳಗಿದ್ದವು. ಈ ಜಂಜಾಟವೇ ಬೇಡವೆಂದು ಸರ್ವರಿನ ನಿಯಂತ್ರಣ ಫಲಕದಲ್ಲಿದ್ದ "ಅನುಮತಿ ಪಟ್ಟಿ" ಎಂಬ ಪೆಟ್ಟಿಗೆಯಲ್ಲಿ ನಾಲ್ಕನ್ನೂ ತುಂಬಿದೆ. ಮರುಕ್ಷಣವೇ ಎಲ್ಲ ಪತ್ರಗಳೂ ಇನ್‌ಬಾಕ್ಸ್‌ಗೆ ಬರತೊಡಗಿದವು. ಸಂಪಾದಕರು ಬೆನ್ನು ತಟ್ಟಿದರು.

ಎಲ್ಲ ಪತ್ರಗಳೂ, ಅದೇ ಸಂಕಟ.

ಸಂಪಾದಕರು ಬರೆಯದ ಸಂಪಾದಕರ ಪತ್ರ

ಎರಡು ವಾರ ಕಳೆಯಿತು. ಒಂದು ಬೆಳಿಗ್ಗೆ ಸಹಸಂಪಾದಕಿಗೆ ಸಂಪಾದಕರಿಂದ ಪತ್ರ ಬಂತು. ಲೇಖಕರೊಬ್ಬರ ಬ್ಯಾಂಕ್ ಖಾತೆ ಬದಲಾಗಿದೆ, ಈ ಸಲದ ಸಂಭಾವನೆಯನ್ನು ಕೆಳಗಿನ ಖಾತೆಗೆ ಹಾಕಿ, ನಾನು ಸಭೆಯಲ್ಲಿದ್ದೇನೆ, ಫೋನ್ ಮಾಡಬೇಡಿ. ವಿಳಾಸ ಅಕ್ಷರಕ್ಷರವೂ ಸಂಪಾದಕರದೇ. ಸಂಪಾದಕರು ಆ ಹೊತ್ತಿಗೆ ಅದೇ ಮೇಜಿನ ಆಚೆ ಬದಿ ಕುಳಿತು ಪೆನ್ಸಿಲ್ ಚೂಪು ಮಾಡುತ್ತಿದ್ದರು. ನಮ್ಮನ್ನು ಕಾಪಾಡಿದ್ದು ಯಾವ ತಂತ್ರಜ್ಞಾನವೂ ಅಲ್ಲ, ಕಚೇರಿಯಲ್ಲಿ ಒಂದೇ ಮೇಜು ಇರುವ ಬಡತನ.

ಆ ಪತ್ರದ ಪೂರ್ತಿ ಹೆಡರ್, ಅಂದರೆ ಸಾಮಾನ್ಯವಾಗಿ ಪರದೆಯಲ್ಲಿ ಕಾಣದ ತಲೆಬರಹದ ಸಾಲುಗಳನ್ನು, ತೆಗೆದು ಓದಿದೆ. ಸ್ಪ್ಯಾಮ್‌ಅಸಾಸಿನ್ ತನ್ನ ಕೆಲಸ ಚೆನ್ನಾಗಿಯೇ ಮಾಡಿತ್ತು. ಅದರಲ್ಲಿ ಸ್ಪ್ಯಾಮ್ ಎನ್ನಲು ಮೂಲ ಮಿತಿ 5 ಅಂಕ. ಈ ಪತ್ರಕ್ಕೆ ಬೇರೆ ಬೇರೆ ಪರೀಕ್ಷೆಗಳು ಸೇರಿ 14 ಅಂಕ ಕೊಟ್ಟಿದ್ದವು. ಅವುಗಳ ಕೊನೆಯಲ್ಲಿ ಇನ್ನೊಂದು ಸಾಲಿತ್ತು: ಅನುಮತಿ ಪಟ್ಟಿಯಲ್ಲಿದೆ, ಮೈನಸ್ 100. ನಾನು ತುಂಬಿದ್ದ ಪೆಟ್ಟಿಗೆ ಒಳಗೊಳಗೆ ಬರೆಯುತ್ತಿದ್ದುದು ವೈಟ್‌ಲಿಸ್ಟ್-ಫ್ರಮ್ ಎಂಬ ಆಜ್ಞೆಯನ್ನು. ಅದು ಕಳುಹಿಸಿದವರ ವಿಳಾಸವೆಂದು ಪತ್ರ ಹೇಳಿಕೊಂಡಿರುವುದನ್ನು ಓದಿ, ಅದನ್ನೇ ನಂಬಿ, ನೂರು ಅಂಕ ಕಳೆಯುತ್ತದೆ. ನಿಜವಾಗಿ ಆ ವಿಳಾಸದಿಂದ ಬಂತೇ ಎಂದು ಕೇಳುವುದಿಲ್ಲ. ನಮ್ಮದೇ ಡೊಮೇನನ್ನು ಆ ಪಟ್ಟಿಗೆ ಸೇರಿಸಿದ್ದರಿಂದ, ನಮ್ಮ ವೇಷ ಹಾಕಿದವರಿಗೆಲ್ಲ ನಾನೇ ರಹದಾರಿ ಬರೆದುಕೊಟ್ಟಂತಾಗಿತ್ತು. ವಂಚಕರು ಅತಿ ಹೆಚ್ಚು ಧರಿಸುವುದು ನಮ್ಮದೇ ವೇಷವನ್ನು. ಹಾಗಾಗಿ ಸ್ವಂತ ಡೊಮೇನನ್ನು ಅನುಮತಿ ಪಟ್ಟಿಗೆ ಸೇರಿಸುವುದಕ್ಕಿಂತ ಕೆಟ್ಟ ನಿಯಮ ಇನ್ನೊಂದಿಲ್ಲ ಎಂದು ಈಗ ಹೇಳಬಲ್ಲೆ. ಆಗ ಅದು ಎಲ್ಲಕ್ಕಿಂತ ನಿರುಪದ್ರವಿ ನಿಯಮದಂತೆ ಕಂಡಿತ್ತು.

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಮುಂದಿನ ದುರಸ್ತಿಯೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ. ಇಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮಾವಳಿ 1982ರದು. ಪರಸ್ಪರ ಗುರುತಿದ್ದ ಕೆಲವೇ ಸಂಸ್ಥೆಗಳ ಕಂಪ್ಯೂಟರುಗಳು ಮಾತನಾಡಿಕೊಳ್ಳುತ್ತಿದ್ದ ಕಾಲ ಅದು. ಅದರಲ್ಲಿ ಕಳುಹಿಸುವವರ ವಿಳಾಸ ಎರಡು ಕಡೆ ಬರುತ್ತದೆ. ಒಂದು ಲಕೋಟೆಯ ಮೇಲೆ. ಸರ್ವರುಗಳು ತಮ್ಮತಮ್ಮಲ್ಲೇ ಹೇಳಿಕೊಳ್ಳುವುದು, ನಮಗೆ ಕಾಣದ್ದು. ಇನ್ನೊಂದು ಒಳಗಿನ ಕಾಗದದ ತಲೆಯ ಮೇಲೆ. ಫ್ರಮ್ ಎಂದು ಪರದೆಯಲ್ಲಿ ಕಾಣುವುದು. ಎರಡನ್ನೂ ಬರೆಯುವುದು ಕಳುಹಿಸುವವನ ಕೈಯೇ. ಎರಡೂ ಒಂದೇ ಇರಬೇಕೆಂಬ ಕಟ್ಟಳೆ ಮೂಲದಲ್ಲಿಲ್ಲ.

ಈ ತೂತಿಗೆ ಬಹಳ ತಡವಾಗಿ ಮೂರು ತೇಪೆಗಳು ಬಂದವು. ಎಸ್‌ಪಿಎಫ್, ನಮ್ಮ ಡೊಮೇನಿನ ಪರವಾಗಿ ಇಂತಿಂಥ ಸರ್ವರುಗಳು ಮಾತ್ರ ಪತ್ರ ಕಳುಹಿಸಬಹುದು ಎಂದು ಡೊಮೇನಿನ ಒಡೆಯರು ಪ್ರಕಟಿಸುವ ಪಟ್ಟಿ. ಅದು ಪರೀಕ್ಷಿಸುವುದು ಲಕೋಟೆಯ ವಿಳಾಸವನ್ನು. ಡಿಕಿಮ್, ಪತ್ರದ ಮೇಲೆ ಹಾಕುವ ಗಣಿತದ ಸಹಿ. ಸಹಿ ಬಿದ್ದ ಭಾಗವನ್ನು ದಾರಿಯಲ್ಲಿ ಯಾರಾದರೂ ತಿದ್ದಿದರೆ ಮುರಿಯುತ್ತದೆ. ಈ ಎರಡರಲ್ಲಿ ಒಂದಾದರೂ ಕಣ್ಣಿಗೆ ಕಾಣುವ ಫ್ರಮ್ ವಿಳಾಸದ ಡೊಮೇನಿಗೆ ಹೊಂದಬೇಕು, ಹೊಂದದಿದ್ದರೆ ಇಂಥದ್ದು ಮಾಡಿ ಎಂದು ಹೇಳುವುದು ಡಿಮಾರ್ಕ್. ಅದು ಆರ್‌ಎಫ್‌ಸಿ ಎಂಬ ಇಂಟರ್‌ನೆಟ್ ತಾಂತ್ರಿಕ ದಾಖಲೆಗಳ ಸಾಲಿನಲ್ಲಿ ಪ್ರಕಟವಾದದ್ದು 2015ರಲ್ಲಿ. ನಮ್ಮ ಡೊಮೇನಿಗೆ ಎಸ್‌ಪಿಎಫ್ ಇತ್ತು. ಡಿಮಾರ್ಕ್ ಇರಲಿಲ್ಲ. ಯಾರೂ ಕೇಳಿರಲಿಲ್ಲ, ನಾನೂ ಹಾಕಿರಲಿಲ್ಲ.

ಮೂರು ಪತ್ರ, ಮೂರು ರೋಗ

ಅನುಮತಿ ಪಟ್ಟಿಯನ್ನು ಅಂದೇ ಖಾಲಿ ಮಾಡಿದೆ. ಅನಂತರ ಮೊದಲು ಮಾಡಬೇಕಿದ್ದ ಕೆಲಸವನ್ನು ಕೊನೆಗೆ ಮಾಡಿದೆ: ಸ್ಪ್ಯಾಮ್‌ಗೆ ಹೋಗಿದ್ದ ಆ ಮೂರು ಪತ್ರಗಳು ಏಕೆ ಹೋದವು ಎಂದು ಒಂದೊಂದರ ಹೆಡರ್ ಬಿಡಿಸಿ ನೋಡಿದೆ. ಜಿಮೇಲ್‌ನಲ್ಲಾದರೆ ಪತ್ರದ ಮೂಲರೂಪ ತೋರಿಸುವ ಆಯ್ಕೆ ಒತ್ತಿದರೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರರ ಫಲಿತಾಂಶವೂ ಮೇಲೆಯೇ ಕಾಣುತ್ತದೆ. ನಮ್ಮಲ್ಲಿ ಅಥೆಂಟಿಕೇಶನ್-ರಿಸಲ್ಟ್ಸ್ ಎಂಬ ಸಾಲನ್ನು ಹುಡುಕಿ ಓದಬೇಕು.

ಲೇಖಕರ ಪತ್ರದಲ್ಲಿ ಎಸ್‌ಪಿಎಫ್ ಫೇಲ್. ಅವರು ಬರೆದದ್ದು ಹಿಂಬದಿ ಹೊದಿಕೆಯ ಹಳೆಯ ವಿಳಾಸಕ್ಕೆ. ಹಳೆಯ ಸೇವೆ ಅದನ್ನು ನಮಗೆ ಮುಂದೂಡಿತ್ತು. ಆಗ ಪತ್ರ ನಮ್ಮ ಸರ್ವರಿನ ಬಾಗಿಲಿಗೆ ಬಂದದ್ದು ಅವರ ಕಾಲೇಜಿನ ಸರ್ವರಿನಿಂದಲ್ಲ, ಹಳೆಯ ಸೇವೆಯ ಸರ್ವರಿನಿಂದ; ಅದರ ಹೆಸರು ಕಾಲೇಜಿನ ಪಟ್ಟಿಯಲ್ಲಿಲ್ಲ. ಡಿಕಿಮ್ ಸಹಿ ಇದ್ದಿದ್ದರೆ ಮುಂದೂಡಿದರೂ ಉಳಿಯುತ್ತಿತ್ತು, ಕಾಲೇಜು ಸಹಿ ಹಾಕುತ್ತಿರಲಿಲ್ಲ. ಎರಡೂ ಇಲ್ಲವಾದ್ದರಿಂದ ಡಿಮಾರ್ಕ್ ಕೂಡ ಫೇಲ್. ಆ ಡೊಮೇನಿನ ನೀತಿಯೋ, ಹೀಗಾದರೆ ಅನುಮಾನಿಸಿ ಬೇರೆ ಇಡಿ ಎಂದಿತ್ತು. ನಮ್ಮ ಸರ್ವರು ಹೇಳಿದ ಮಾತು ಕೇಳಿತ್ತು, ಅಷ್ಟೇ. ಒಬ್ಬ ನಿಷ್ಠಾವಂತ ಲೇಖಕರು ನಮ್ಮ ಹೊದಿಕೆಯನ್ನು ನಂಬಿದ್ದೇ ಅವರ ತಪ್ಪಾಯಿತು.

ಮುದ್ರಣಾಲಯದ ಪತ್ರದಲ್ಲಿ ಎಲ್ಲವೂ ಪಾಸ್, ಆದರೆ ಮುದ್ರಣಾಲಯದ ಹೆಸರಿನಲ್ಲಲ್ಲ. ಅದು ಬಂದದ್ದು ಕಡತ ಹಂಚುವ ಸೇವೆಯೊಂದರ ವಿಳಾಸದಿಂದ. ಮುದ್ರಣಾಲಯದ ಹೆಸರು ಇದ್ದದ್ದು ವಿಳಾಸದ ಎಡಕ್ಕೆ ತೋರುವ ಅಲಂಕಾರದ ಹೆಸರಿನಲ್ಲಿ ಮಾತ್ರ. ಮೊಬೈಲ್ ಆ್ಯಪ್‌ಗಳು ಸಾಮಾನ್ಯವಾಗಿ ತೋರಿಸುವುದು ಆ ಹೆಸರನ್ನೇ, ವಿಳಾಸವನ್ನಲ್ಲ. ಹೆಸರನ್ನು ನೋಡಿ ಒಳಬಿಡುವ ನನ್ನ ಮೂರನೆಯ ನಿಯಮ ಎಷ್ಟು ಹಾಸ್ಯಾಸ್ಪದವಾಗಿತ್ತು ಎಂದರೆ, ಆ ಹೆಸರನ್ನು ಟೈಪ್ ಮಾಡಬಲ್ಲ ಯಾರಾದರೂ ಒಳಗೆ ಬರಬಹುದಿತ್ತು.

ಹೊಸಬರ ಕಥೆಯ ಪತ್ರಕ್ಕೆ ವಿಷಯವೇ ಇರಲಿಲ್ಲ, ಒಡಲಲ್ಲಿ ಒಂದು ಸಾಲೂ ಇರಲಿಲ್ಲ, ಇದ್ದದ್ದು ಒಂದು ಜಿಪ್ ಕಡತ. ಪಾಪ, ಸಂಕೋಚದ ಮನುಷ್ಯ. ಯಂತ್ರದ ಕಣ್ಣಿಗೆ ಸಂಕೋಚಕ್ಕೂ ಕಳ್ಳತನಕ್ಕೂ ವ್ಯತ್ಯಾಸ ಕಾಣುವುದಿಲ್ಲ.

ಮೂರನ್ನೂ ಒಂದೇ ಮದ್ದಿನಿಂದ ವಾಸಿ ಮಾಡಲು ಹೊರಟದ್ದು ನನ್ನ ಮೂಲ ತಪ್ಪು. ಪತ್ರ ಕಳೆದುಹೋಗಬಾರದು ಎಂಬುದು ಒಂದು ಬೇಡಿಕೆ. ಪತ್ರವನ್ನು ನಂಬಬಹುದು ಎಂಬುದು ಬೇರೆಯದೇ ಬೇಡಿಕೆ. ಅನುಮತಿ ಪಟ್ಟಿ ಎಂಬ ಒಂದೇ ಪೆಟ್ಟಿಗೆ ಇವೆರಡನ್ನೂ ಕಲಸುತ್ತದೆ. ಇನ್‌ಬಾಕ್ಸ್‌ಗೂ ಸ್ಪ್ಯಾಮ್‌ಗೂ ನಡುವೆ ಮೂರನೆಯ ಜಾಗವೊಂದಿದ್ದರೆ ಹೆಚ್ಚಿನ ಜಗಳ ತಾನಾಗಿ ತೀರುತ್ತದೆ ಎಂದು ನನಗೆ ಹೊಳೆದದ್ದು ಇಲ್ಲಿ.

ಮತ್ತೆ ಕಟ್ಟಿದ್ದು

ಯಾರನ್ನು ನಂಬಬೇಕು ಎಂಬ ಪಟ್ಟಿಯನ್ನು ವಿಳಾಸಪುಸ್ತಕದಿಂದ ತೆಗೆಯಲಿಲ್ಲ. ವಿಳಾಸಪುಸ್ತಕದಲ್ಲಿ ಒಮ್ಮೆ ಕಂಡವರೆಲ್ಲ ಸೇರಿರುತ್ತಾರೆ. ಕೆಲವು ಪ್ರೋಗ್ರಾಂಗಳು ಕೇಳದೆಯೇ ಸೇರಿಸುತ್ತವೆ. ಅದರ ಬದಲು ಕಳುಹಿಸಿದ ಪತ್ರಗಳ ಫೋಲ್ಡರ್ ತೆರೆದು, ಕಳೆದ ಎರಡು ವರ್ಷಗಳಲ್ಲಿ ನಾವು ಒಂದಕ್ಕಿಂತ ಹೆಚ್ಚು ಸಲ ಉತ್ತರಿಸಿದವರನ್ನು ಬರೆದುಕೊಂಡೆ. 61 ವಿಳಾಸಗಳಾದವು. ಒಂದು ಮಧ್ಯಾಹ್ನದ ಕೆಲಸ. ಯಾರೊಂದಿಗೆ ಮಾತು ನಡೆದಿದೆಯೋ ಅವರು ಪರಿಚಿತರು. ಇದಕ್ಕಿಂತ ಒಳ್ಳೆಯ ಒರೆಗಲ್ಲು ನನಗೆ ತೋಚಲಿಲ್ಲ.

ಪಟ್ಟಿಗೆ ಹೋದದ್ದು ಪೂರ್ತಿ ವಿಳಾಸಗಳು, ಡೊಮೇನುಗಳಲ್ಲ. ಉಚಿತ ಸೇವೆಯ ಡೊಮೇನನ್ನು ಅನುಮತಿಸುವುದೆಂದರೆ ಅಲ್ಲಿ ಖಾತೆ ತೆರೆದವರನ್ನೆಲ್ಲ ಅನುಮತಿಸುವುದು. ಸೀವ್‌ನಲ್ಲಿ ವಿಳಾಸ "ಇದೇ ಆಗಿದ್ದರೆ" ಎಂದೂ ಬರೆಯಬಹುದು, ವಿಳಾಸದಲ್ಲಿ "ಇದು ಎಲ್ಲಾದರೂ ಇದ್ದರೆ" ಎಂದೂ ಬರೆಯಬಹುದು. ಎರಡನೆಯದು ಸುಲಭ, ಅಪಾಯಕಾರಿ. ನಿಮ್ಮ ಗೆಳೆಯರ ಡೊಮೇನಿನ ಹೆಸರನ್ನು ಮುಂದೆ ಇಟ್ಟು, ಅದರ ಬಾಲಕ್ಕೆ ತಮ್ಮ ಡೊಮೇನನ್ನು ಅಂಟಿಸಿದ ವಿಳಾಸವೂ ಆ ಪರೀಕ್ಷೆಯಲ್ಲಿ ಪಾಸಾಗುತ್ತದೆ.

ಮುಖ್ಯ ಬದಲಾವಣೆ ಇನ್ನೊಂದು. ಸ್ಪ್ಯಾಮ್‌ಅಸಾಸಿನ್‌ನಲ್ಲಿ ವೈಟ್‌ಲಿಸ್ಟ್-ಆಥ್ ಎಂಬ ಬೇರೆ ಆಜ್ಞೆಯೇ ಇದೆ. 2022ರ ನಾಲ್ಕನೆಯ ಆವೃತ್ತಿಯಿಂದ ಅದನ್ನು ವೆಲ್‌ಕಮ್‌ಲಿಸ್ಟ್-ಆಥ್ ಎನ್ನುತ್ತಾರೆ. ಪಟ್ಟಿಯಲ್ಲಿರುವ ವಿಳಾಸ, ಜೊತೆಗೆ ಎಸ್‌ಪಿಎಫ್ ಅಥವಾ ಡಿಕಿಮ್ ಪರೀಕ್ಷೆಯಲ್ಲಿ ಪಾಸು, ಇವೆರಡೂ ಕೂಡಿದರೆ ಮಾತ್ರ ಅದು ಅಂಕ ಕಳೆಯುತ್ತದೆ. ನಿಯಂತ್ರಣ ಫಲಕದ ಪೆಟ್ಟಿಗೆ ಇದನ್ನು ಬರೆಯುವುದಿಲ್ಲ. ಆಯ್ಕೆಗಳ ಕಡತವನ್ನು ಕೈಯಾರೆ ತಿದ್ದಬೇಕಾಯಿತು. ಇಷ್ಟು ಒಳ್ಳೆಯ ಆಜ್ಞೆಯನ್ನು ಒಳಗೆ ಬಚ್ಚಿಟ್ಟು, ಕೆಟ್ಟದ್ದಕ್ಕೆ ಅಂದದ ಪೆಟ್ಟಿಗೆ ಕಟ್ಟಿಕೊಟ್ಟವರ ಬಗ್ಗೆ ಆ ಸಂಜೆ ನಾನು ಯೋಚಿಸಿದ್ದನ್ನು ಅಚ್ಚು ಮಾಡುವಂತಿಲ್ಲ.

ಸೀವ್ ನಿಯಮವನ್ನೂ ಇದೇ ರೀತಿ ಬರೆದು, ಸ್ಪ್ಯಾಮ್ ಹಂಚುವ ನಿಯಮದ ಮೇಲಕ್ಕೆ ತಂದೆ: ವಿಳಾಸ ಪಟ್ಟಿಯಲ್ಲಿರಬೇಕು, ಅಥೆಂಟಿಕೇಶನ್-ರಿಸಲ್ಟ್ಸ್ ಸಾಲಿನಲ್ಲಿ ಡಿಮಾರ್ಕ್ ಪಾಸ್ ಎಂದಿರಬೇಕು. ಇಲ್ಲಿಯೂ ಒಂದು ಹಳ್ಳವಿದೆ. ಆ ಸಾಲು ಪತ್ರದ ಹೆಡರಿನಲ್ಲಿರುವ ಬರಿಯ ಅಕ್ಷರ. ಕಳುಹಿಸುವವನೇ "ಎಲ್ಲ ಪಾಸ್" ಎಂದು ಒಂದು ಸಾಲು ಬರೆದು ಕಳುಹಿಸಬಹುದು. ಆದ್ದರಿಂದ ಆ ಸಾಲು ನಮ್ಮದೇ ಸರ್ವರಿನ ಹೆಸರಿನಿಂದ ಶುರುವಾಗಬೇಕು ಎಂದೂ ಸೇರಿಸಬೇಕು. ಹೊರಗಿನಿಂದ ಆ ಹೆಸರು ಹೊತ್ತು ಬಂದ ಸಾಲುಗಳನ್ನು ಸರ್ವರು ಕಿತ್ತುಹಾಕಬೇಕೆಂದು ಆರ್‌ಎಫ್‌ಸಿ 8601 ಹೇಳುತ್ತದೆ. ನಮ್ಮ ಸರ್ವರು ಹಾಗೆ ಮಾಡುತ್ತದೆಯೇ ಎಂದು ನಾನೇ ಒಂದು ನಕಲಿ ಸಾಲು ಸೇರಿಸಿದ ಪತ್ರ ಕಳುಹಿಸಿ ನೋಡಿದೆ. ಕಿತ್ತುಹಾಕಿತು. ಸಮಾಧಾನವಾಯಿತು.

ಪಟ್ಟಿಯಲ್ಲಿದ್ದೂ ಪರೀಕ್ಷೆಯಲ್ಲಿ ಫೇಲಾದ ಪತ್ರಗಳು ಮೂರನೆಯ ಜಾಗಕ್ಕೆ ಹೋಗುತ್ತವೆ. ಆ ಫೋಲ್ಡರಿನ ಹೆಸರು "ಕೇಳಿ ನೋಡು". ಹಳೆಯ ವಿಳಾಸಕ್ಕೆ ಬಂದ ಪತ್ರಗಳೂ ಅಲ್ಲಿಗೇ, ಪಾಸಾಗಲಿ ಬಿಡಲಿ. ಕಡತ ಹಂಚುವ ಸೇವೆಯ ಪತ್ರಗಳೂ ಅಲ್ಲಿಗೇ, ಏಕೆಂದರೆ ಆ ಸೇವೆಯನ್ನು ನಂಬುವುದು ಅದನ್ನು ಬಳಸುವವರನ್ನೆಲ್ಲ ನಂಬಿದಂತಲ್ಲ. ವಂಚಕನೂ ಅದೇ ಸೇವೆಯಿಂದ ಕೊಂಡಿ ಕಳುಹಿಸಬಲ್ಲ, ಆಗಲೂ ಸಹಿ ಪಕ್ಕಾ ಇರುತ್ತದೆ. ಅಲ್ಲಿಂದ ಏನೂ ತಾನಾಗಿ ಅಳಿಯುವುದಿಲ್ಲ. ಸಹಸಂಪಾದಕಿ ದಿನಕ್ಕೊಮ್ಮೆ ಅದನ್ನು ಕಣ್ಣಿನಿಂದ ನೋಡುತ್ತಾರೆ. ಹಣ, ಖಾತೆ, ಗುಪ್ತಪದದ ಮಾತಿದ್ದರೆ ಫೋನ್ ಮಾಡಿ ಕೇಳುತ್ತಾರೆ.

ಹಳೆಯ ವಿಳಾಸಕ್ಕೆ ಬರೆದವರಿಗೆಲ್ಲ "ವಿಳಾಸ ಬದಲಾಗಿದೆ" ಎಂಬ ತಾನಾಗಿ ಹೋಗುವ ಉತ್ತರ ಹಾಕೋಣವೆಂದು ಸಂಪಾದಕರು ಹೇಳಿದರು. ಒಪ್ಪಲಿಲ್ಲ. ಸ್ಪ್ಯಾಮಿನ ಫ್ರಮ್ ವಿಳಾಸಗಳು ಸುಳ್ಳು. ಆ ಉತ್ತರಗಳೆಲ್ಲ ಏನೂ ಅರಿಯದ ಮೂರನೆಯವರ ಮನೆಗೆ ಹೋಗಿ, ಕಡೆಗೆ ನಾವೇ ಸ್ಪ್ಯಾಮ್ ಕಳುಹಿಸುವವರೆಂದು ಹೆಸರು ಪಡೆಯುತ್ತಿದ್ದೆವು. ಹೊದಿಕೆಯ ಮೇಲಿನ ವಿಳಾಸ ಬದಲಿಸಿ, 61 ಮಂದಿಗೂ ಒಂದೊಂದು ಪತ್ರ ಬರೆದೆವು.

ಹೊಸಬರಿಗೆ ಯಾವ ಅನುಮತಿ ಪಟ್ಟಿಯೂ ನೆರವಾಗದು, ಗುರುತಿಲ್ಲದವರ ಹೆಸರನ್ನು ಪಟ್ಟಿಗೆ ಬರೆಯುವುದು ಹೇಗೆ? ಅವರಿಗೆಂದೇ ಬೇರೆ ವಿಳಾಸ ತೆರೆದೆವು. ಅಲ್ಲಿ ಸ್ಪ್ಯಾಮ್ ಫೋಲ್ಡರೇ ಇಲ್ಲ, ಅಂಕದ ಪ್ರಕಾರ ಸಾಲಾಗಿ ಬರುತ್ತವೆ, ಅಷ್ಟೇ. ಜಿಪ್ ಬೇಡ, ವಿಷಯದ ಸಾಲಿನಲ್ಲಿ ಬರಹದ ಹೆಸರಿರಲಿ ಎಂದು ಪತ್ರಿಕೆಯಲ್ಲಿ ಅಚ್ಚು ಹಾಕಿದೆವು. ಅರ್ಧಕ್ಕರ್ಧ ಜನ ಓದದೆ ಕಳುಹಿಸುತ್ತಾರೆ, ಅದು ಬೇರೆ ಮಾತು.

ಕೊನೆಗೆ ನಮ್ಮ ಡೊಮೇನಿಗೆ ಡಿಕಿಮ್, ಡಿಮಾರ್ಕ್ ಹಾಕಿಸಿದೆ. ಡಿಮಾರ್ಕ್ ನೀತಿಯನ್ನು ಮೊದಲು "ಏನೂ ಮಾಡಬೇಡಿ, ವರದಿ ಕಳುಹಿಸಿ" ಎಂಬುದರಲ್ಲಿಟ್ಟು, ಚಂದಾದಾರರಿಗೆ ಸುತ್ತೋಲೆ ಕಳುಹಿಸುವ ಸೇವೆ ನಮ್ಮ ಹೆಸರಿನಲ್ಲಿ ಸಹಿಯಿಲ್ಲದೆ ಕಳುಹಿಸುತ್ತಿದೆ ಎಂದು ವರದಿಯಿಂದ ಕಂಡುಕೊಂಡು, ಅದನ್ನು ಸರಿಪಡಿಸಿದ ಮೇಲೆ ಬಿಗಿ ಮಾಡಿದೆ.

ಜಿಮೇಲ್ ಬಳಸುವವರಿಗೆ ಇಷ್ಟೆಲ್ಲ ಕೈಗೆ ಸಿಗುವುದಿಲ್ಲ. ಅಲ್ಲಿ ಫಿಲ್ಟರ್ ರಚಿಸುವುದು ಕಂಪ್ಯೂಟರಿನ ಬ್ರೌಸರಿನಿಂದ. ಮೊಬೈಲ್ ಆ್ಯಪ್‌ನಲ್ಲಿ ಆ ಸೌಲಭ್ಯವಿಲ್ಲ. ಕಳುಹಿಸುವವರ ಖಾನೆಯಲ್ಲಿ ಪೂರ್ತಿ ವಿಳಾಸ ಬರೆದು, ಎಂದಿಗೂ ಸ್ಪ್ಯಾಮ್‌ಗೆ ಹಾಕಬೇಡ ಎನ್ನುವ ಆಯ್ಕೆಗೆ ಗುರುತು ಹಾಕಬಹುದು. ಸಹಿ ಪಾಸಾದರೆ ಮಾತ್ರ ಎಂಬ ಷರತ್ತು ಸೇರಿಸಲು ಬರುವುದಿಲ್ಲ. ಆದರೆ ಅದೇ ಫಿಲ್ಟರಿಗೆ ಬಣ್ಣದ ಲೇಬಲ್ ಒಂದನ್ನು ಸೇರಿಸಿ. ನಿಮ್ಮ ಫಿಲ್ಟರಿನಿಂದಾಗಿ ಇದು ಸ್ಪ್ಯಾಮ್‌ಗೆ ಹೋಗಲಿಲ್ಲ ಎಂಬ ಸೂಚನೆ ಪತ್ರದ ನೆತ್ತಿಯಲ್ಲಿ ಕಂಡರೆ, ಅದನ್ನು ಎಚ್ಚರಿಕೆಯೆಂದೇ ಓದಿ: ಜಿಮೇಲ್ ಅನುಮಾನಿಸಿತ್ತು, ನೀವು ಒಳಗೆ ಕರೆದಿರಿ.

ಮೂರು ಸಂಚಿಕೆಗಳು ಬಂದಿವೆ. ಪರಿಚಿತರ ಪತ್ರ ಕಳೆದ ದೂರು ಬಂದಿಲ್ಲ. ಸಂಪಾದಕರ ವೇಷದ ಪತ್ರಗಳು ಈಗಲೂ ಬರುತ್ತವೆ, ಸ್ಪ್ಯಾಮ್‌ನಲ್ಲಿ ಕೊಳೆಯುತ್ತವೆ. ಒಮ್ಮೆ ಮಾತ್ರ ಏಟು ಬಿತ್ತು. ಪಟ್ಟಿಯಲ್ಲಿದ್ದ ಕವಯಿತ್ರಿಯೊಬ್ಬರಿಂದ ಒಂದು ಕೊಂಡಿ ಬಂತು. ವಿಳಾಸ ಅವರದೇ, ಸರ್ವರು ಅವರದೇ, ಡಿಕಿಮ್ ಸಹಿ ಸರಿ, ಡಿಮಾರ್ಕ್ ಪಾಸ್, ನೇರ ಇನ್‌ಬಾಕ್ಸ್‌ಗೆ. ಪತ್ರ ಅವರದಲ್ಲ, ಅವರ ಖಾತೆಯನ್ನೇ ಯಾರೋ ಹೊಕ್ಕಿದ್ದರು. ಸಹಸಂಪಾದಕಿಗೆ ಅನುಮಾನ ಬಂದದ್ದು ಆ ಎರಡು ಸಾಲಿನ ಪತ್ರದಲ್ಲಿ ಮೂರು ಕಾಗುಣಿತದ ತಪ್ಪಿದ್ದುದರಿಂದ. "ಅವರು ಅಲ್ಪಪ್ರಾಣ ಮಹಾಪ್ರಾಣ ತಪ್ಪಿಸುವವರಲ್ಲ" ಎಂದು ಫೋನ್ ಎತ್ತಿಕೊಂಡರು. ಕವಯಿತ್ರಿ ಗುಪ್ತಪದ ಬದಲಿಸಿದ ಮರುದಿನ ಅವರ ವಿಳಾಸವನ್ನು ಪಟ್ಟಿಗೆ ಮತ್ತೆ ಸೇರಿಸಿದೆ.

ಮೊದಲ ಲೇಖಕರ ಇಸವಿಯನ್ನು ಮುಂದಿನ ಸಂಚಿಕೆಯ ತಪ್ಪೊಪ್ಪೋಲೆಯಲ್ಲಿ ತಿದ್ದಿದೆವು. ಆ ತಿದ್ದುಪಡಿಯ ಕರಡನ್ನು ಅವರಿಗೆ ಕಳುಹಿಸಿದ್ದೆ. ಎರಡು ದಿನ ಉತ್ತರ ಬರಲಿಲ್ಲ. ಫೋನ್ ಮಾಡಿದೆ. ಅವರ ಸ್ಪ್ಯಾಮ್‌ನಲ್ಲಿತ್ತು.